ಬಲಗಡೆ ಲೇನ್ ಯಾರಪ್ಪನದು?

ಭಾವ: (ವಿಡಿಯೋ) ಹಾಸನ ರಸ್ತೆಯಂತೆ, ಬೆಳ್ಳೂರು ಕ್ರಾಸ್ ಹತ್ತಿರ. ಲಾರಿಯವನು ಬಲ ಲೇನ್ ಬಿಡಲೇ ಇಲ್ಲ. ಕಾರಿನವನು ಕೊನೆಗೆ ಎಡದಿಂದ ನುಗ್ಗಿದ. ಎಲ್ಲರೂ ನೋಡಿ.

ಚಿಕ್ಕಪ್ಪ: ಕಾರಿನವನದೇ ತಪ್ಪು. ಅಷ್ಟು ಅರ್ಜೆಂಟ್ ಏನಿತ್ತು?

ಅಕ್ಕ: ಲಾರಿ ಅಲ್ಲಿ ಯಾಕಿತ್ತು ಚಿಕ್ಕಪ್ಪ? ಎಡ ಲೇನ್ ಪೂರ್ತಿ ಖಾಲಿ ಇದೆ. ಬಲ ಲೇನ್ ಇರುವುದು ಓವರ್‌ಟೇಕ್ ಮಾಡುವುದಕ್ಕೆ. ಮುಗಿದ ಮೇಲೆ ವಾಪಸ್ ಎಡಕ್ಕೆ ಬರಬೇಕು.

ಲಾರಿ ಮಾವ: ಖಾಲಿ ಕಾಣುವುದು ವಿಡಿಯೋದಲ್ಲಿ ಕಣಮ್ಮ. ಎಡ ಲೇನಿನಲ್ಲಿ ಏನೇನಿರುತ್ತದೆ ಗೊತ್ತಾ? ಹುಲ್ಲಿನ ಹೊರೆ ಹೇರಿಕೊಂಡು ಎದುರಿಗೇ ಬರುವ ಮೊಪೆಡ್. ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್. ಕೈ ಅಡ್ಡ ಹಾಕಿದಲ್ಲೆಲ್ಲ ನಿಲ್ಲುವ ಬಸ್ಸು. ಲಾರಿ ಕೆಟ್ಟು ನಿಂತಿದ್ದರೆ ಹಿಂದೆ ನಾಲ್ಕು ಕಲ್ಲು, ಒಂದು ಹೊಂಗೆ ರೆಂಬೆ. ಅಷ್ಟೇ ಸಿಗ್ನಲ್ಲು. ರಾತ್ರಿ ಆ ಸೊಪ್ಪು ಹೆಡ್‌ಲೈಟಿಗೆ ಕಾಣುವುದೇ ತಡ, 25 ಟನ್ ಗಾಡಿ ನಿಲ್ಲಿಸಬೇಕು. ಒಂದು ರಾತ್ರಿ ನನ್ನ ಕ್ಯಾಬಿನ್ನಿನಲ್ಲಿ ಕೂತು ಬಾ, ಆಮೇಲೆ ಮಾತಾಡೋಣ.

ನಾನು: ರಾತ್ರಿಯ ಮಾತು ಒಪ್ಪಿದೆ. ಈ ವಿಡಿಯೋ ಮಟಮಟ ಮಧ್ಯಾಹ್ನದ್ದು ಮಾವ. ಲಾರಿಗೆ 80 ದಾಟದಂತೆ ತಡೆಯುವ ಸ್ಪೀಡ್ ಗವರ್ನರ್ ಇರುತ್ತದೆ ಅಲ್ವಾ? 76ರಲ್ಲಿ ಹೋಗುವ ಲಾರಿಯನ್ನು 78ರಲ್ಲಿ ಹಿಂದೆ ಹಾಕಲು ಹೊರಟರೆ, 40 ಮೀಟರ್ ಮುಂದಾಗಲು 72 ಸೆಕೆಂಡ್ ಬೇಕು. ಅಷ್ಟರಲ್ಲಿ ಒಂದೂವರೆ ಕಿಲೋಮೀಟರ್ ಎರಡೂ ಲೇನ್ ಬಂದ್. ಹಿಂದೆ ಕಾರುಗಳ ದಿಬ್ಬಣ.

ಲಾರಿ ಮಾವ: ಲೆಕ್ಕವೇನೋ ಸರಿ. ಸ್ಪೀಡ್ ಇಳಿಸಿದರೆ ಲೋಡ್ ಗಾಡಿ ಮತ್ತೆ ಎತ್ತಿಕೊಳ್ಳಲು ಎಷ್ಟು ಡೀಸೆಲ್ ಕುಡಿಯುತ್ತದೆ? ಅದನ್ನು ಯಾರು ಕೊಡುತ್ತಾರೆ, ನಿಮ್ಮ ಚಿಕ್ಕಪ್ಪನಾ?

ಅತ್ತೆ: ನಾಮಕರಣದ ಫೋಟೊ ಹಾಕಿದ್ದೆ. ಒಬ್ಬರೂ ನೋಡಿಲ್ಲ.

ಚಿಕ್ಕಪ್ಪ: ಸುಮ್ನೆ ನನ್ನನ್ನು ಯಾಕೆ ಎಳೆಯುತ್ತೀರಿ? ನಾನು ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬಲಗಡೆಯೇ ಹೋಗುವುದು. ಮಿತಿ 100, ನಾನೂ 100. ನನಗಿಂತ ಜೋರಾಗಿ ಹೋಗುವವನು ಕಾನೂನು ಮುರಿಯುವವನು. ಅವನಿಗೆ ನಾನ್ಯಾಕೆ ದಾರಿ ಬಿಡಬೇಕು?

ಅಕ್ಕ: ಅವನನ್ನು ಹಿಡಿಯಲು ಕ್ಯಾಮೆರಾ ಇದೆ. ನಿಮಗೆ ಯಾರು ಖಾಕಿ ಹೊಲಿಸಿದರು? ಅಲ್ಲದೆ ಸ್ಪೀಡೋಮೀಟರ್ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ನಿಮ್ಮ 100 ನಿಜವಾಗಿ 95 ಇರಬಹುದು. ಫೋನಿನ ಜಿಪಿಎಸ್ ಜೊತೆ ಹೋಲಿಸಿ ನೋಡಿ.

ಚಿಕ್ಕಪ್ಪ: ಮೂರು ಲೇನ್ ಇದೆಯಲ್ಲ. ನಡುವೆ ಹೋಗಲಿ ಬಿಡು.

ನಾನು: ಹೋಗುತ್ತಾರೆ, ಅದೇ ಎಡದಿಂದ ಓವರ್‌ಟೇಕ್. ವಿಡಿಯೋದಲ್ಲಿ ನೀವು ಬೈದದ್ದೂ ಅದಕ್ಕೇ. ಸರ್ವೀಸ್ ರಸ್ತೆಯಿಂದ ಒಳಗೆ ಬರುವ ವಾಹನಗಳೂ ಎಡದಿಂದಲೇ ಸೇರುತ್ತವೆ. ಇಬ್ಬರೂ ಒಂದೇ ಕ್ಷಣಕ್ಕೆ ನಡು ಲೇನಿಗೆ ಬಂದರೆ? ಆ ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರ್ ಬರುವಂತೆಯೇ ಇಲ್ಲ. ಹಾಸನ ರಸ್ತೆಯಲ್ಲಿ ಮಾವನಿಗೆ ಒಂದು ಕಾರಣ ಇದೆ. ಮೈಸೂರು ರಸ್ತೆಯಲ್ಲಿ ನಿಮಗೆ ಅದೂ ಇಲ್ಲ.

ಚಿಕ್ಕಪ್ಪ: ಇದಕ್ಕೆಲ್ಲ ದಂಡ ಇದೆಯಾ?

ಅಕ್ಕ: ಮೋಟಾರು ವಾಹನ ಕಾಯ್ದೆಯ 177ಎ. 500ರಿಂದ 1000 ರೂಪಾಯಿ.

ಚಿಕ್ಕಪ್ಪ: ಯಾರಿಗೂ ಹಾಕಿದ್ದು ನಾನು ಕಂಡಿಲ್ಲ.

ಲಾರಿ ಮಾವ: ನಮಗೆ ಹಾಕುತ್ತಾರೆ. ಕಾರಿನವರಿಗೆ ಕೈಮುಗಿದು ಕಳಿಸುತ್ತಾರೆ.

ಚಿಕ್ಕಪ್ಪ: ಆಯ್ತು, ಭಾನುವಾರ ಮಂಡ್ಯಕ್ಕೆ ಹೋಗುವಾಗ ನಡು ಲೇನಿನಲ್ಲಿ ಹೋಗಿ ನೋಡುತ್ತೇನೆ. ಅಲ್ಲಿ 60ರಲ್ಲಿ ತೆವಳುವವನು ಸಿಕ್ಕರೆ ನಿನಗೇ ಫೋನ್ ಮಾಡುತ್ತೇನೆ.

ಅಕ್ಕ: ಡ್ರೈವಿಂಗ್ ಮಾಡುವಾಗ ಫೋನಾ!