ಶೇ 73ರಷ್ಟು ಮತ ಬಂದರೂ ವೇತನದ ನಿರ್ಣಯ ಸೋಲುವುದು ಹೇಗೆ?

ಪ್ರಶ್ನೆ:
ನಿವೃತ್ತಿಯ ಹಣದಲ್ಲಿ ಸ್ವಲ್ಪವನ್ನು ಷೇರುಗಳಲ್ಲಿ ತೊಡಗಿಸಿದ್ದೇನೆ. ವಾರ್ಷಿಕ ಸಭೆಯ ನೋಟಿಸುಗಳನ್ನು ಈ ಸಲ ಮೊದಲ ಬಾರಿಗೆ ಕುಳಿತು ಓದಿದೆ. ನಿರ್ದೇಶಕರ ವೇತನದ ವಿಷಯವನ್ನು ಒಂದು ಕಂಪನಿ ‘ಸಾಮಾನ್ಯ ನಿರ್ಣಯ’ ಎಂದು ಮಂಡಿಸಿದೆ, ಇನ್ನೊಂದು ‘ವಿಶೇಷ ನಿರ್ಣಯ’ ಎಂದು. 2017ರಲ್ಲಿ ನಮ್ಮ ಬೆಂಗಳೂರಿನ ಇನ್ಫೊಸಿಸ್‌ನಲ್ಲಿ ಮುಖ್ಯ ಕಾರ್ಯಾಚರಣೆ ಅಧಿಕಾರಿ ಪ್ರವೀಣ್ ರಾವ್ ಅವರ ವೇತನ ಹೆಚ್ಚಳಕ್ಕೆ ಸುಮಾರು ಶೇ 67ರಷ್ಟು ಮತ ಬಂದು ನಿರ್ಣಯ ಗೆದ್ದಿತ್ತು. 2021ರಲ್ಲಿ ಐಷರ್ ಮೋಟಾರ್ಸ್‌ನ ವ್ಯವಸ್ಥಾಪಕ ನಿರ್ದೇಶಕ ಸಿದ್ಧಾರ್ಥ ಲಾಲ್ ಅವರ ಮರುನೇಮಕ ಮತ್ತು ವೇತನದ ನಿರ್ಣಯಕ್ಕೆ ಸುಮಾರು ಶೇ 73ರಷ್ಟು ಬಂದರೂ ಅದು ಸೋತಿತು. ಇದು ಹೇಗೆ? ನನ್ನ ನಲವತ್ತು ಷೇರುಗಳ ಮತಕ್ಕೆ ಬೆಲೆ ಇದೆಯೇ?

ಉತ್ತರ 1:
ಸಾಮಾನ್ಯ ನಿರ್ಣಯಕ್ಕೆ ಚಲಾಯಿಸಿದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿಕ್ಕರೆ ಸಾಕು. ವಿಶೇಷ ನಿರ್ಣಯದಲ್ಲಿ ಪರವಾದ ಮತಗಳು ವಿರೋಧದ ಮತಗಳ ಮೂರು ಪಟ್ಟಾದರೂ ಇರಬೇಕು. ಐಷರ್‌ನಲ್ಲಿ ವಿರೋಧ ಸುಮಾರು ಶೇ 27 ಇತ್ತು; ಅದರ ಮೂರು ಪಟ್ಟು 81, ಬಂದದ್ದು 73.

ಪ್ರವರ್ತಕರೇ (ಅಂದರೆ ಕಂಪನಿಯನ್ನು ಹಿಡಿತದಲ್ಲಿಟ್ಟುಕೊಂಡಿರುವ ಮುಖ್ಯ ಒಡೆಯರೇ) ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದು, ಅವರ ವಾರ್ಷಿಕ ವೇತನವು ₹5 ಕೋಟಿ ಅಥವಾ ನಿವ್ವಳ ಲಾಭದ ಶೇ 2.5, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರುವುದಾದರೆ, ವಿಶೇಷ ನಿರ್ಣಯ ಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮ ಹೇಳುತ್ತದೆ. ಲಾಲ್ ಐಷರ್‌ನ ಪ್ರವರ್ತಕರು; ಪ್ರವೀಣ್ ರಾವ್ ಪ್ರವರ್ತಕರಾಗಿರಲಿಲ್ಲ, ಅವರದು ಸಾಮಾನ್ಯ ನಿರ್ಣಯವಾಗಿತ್ತು.

ಇನ್ನೊಂದು ಲೆಕ್ಕವನ್ನೂ ಗಮನಿಸಿ. ಪ್ರವರ್ತಕರು ತಮ್ಮ ವೇತನಕ್ಕೆ ತಾವೇ ಮತ ಹಾಕಬಹುದು, ಮತ್ತು ಐಷರ್‌ನಲ್ಲಿ ಅವರ ಪಾಲು ಸುಮಾರು ಶೇ 49. ಅದನ್ನು ಬದಿಗಿಟ್ಟು ನೋಡಿದರೆ ಉಳಿದ ಷೇರುದಾರರ ಮತಗಳಲ್ಲಿ ಬಹುಪಾಲು ವಿರೋಧವಾಗಿಯೇ ಬಿದ್ದಿದ್ದವು. ಬಳಿಕ ವೇತನದ ಗರಿಷ್ಠ ಮಿತಿಯನ್ನು ಲಾಭದ ಶೇ 1.5ಕ್ಕೆ ಇಳಿಸಿ ಹೊಸ ನಿರ್ಣಯ ತಂದಾಗ ಷೇರುದಾರರು ಒಪ್ಪಿದರು. ಅಮೆರಿಕದಲ್ಲಿ ವೇತನದ ಮೇಲಿನ ಇಂಥ ಮತ ಬರೀ ಸಲಹೆ. ನಮ್ಮಲ್ಲಿ ನಿರ್ದೇಶಕರ ಮಟ್ಟಿಗೆ ಅದು ಕಂಪನಿಯನ್ನು ಕಟ್ಟಿಹಾಕುತ್ತದೆ. ಈ ಹಕ್ಕನ್ನು ನಾವು ಇಷ್ಟು ಕಡಿಮೆ ಬಳಸುತ್ತೇವಲ್ಲ ಎಂಬುದು ನನ್ನ ನಿಜವಾದ ಬೇಸರ.

ಉತ್ತರ 2:
ಇನ್ಫೊಸಿಸ್ ಪ್ರಕರಣದಲ್ಲಿ ನಾರಾಯಣ ಮೂರ್ತಿಯವರ ಆಕ್ಷೇಪ ಮೊತ್ತಕ್ಕಿಂತ ಅನುಪಾತದ ಬಗ್ಗೆ ಇತ್ತು: ಹೆಚ್ಚಿನ ನೌಕರರಿಗೆ ಶೇ 6ರಿಂದ 8ರಷ್ಟು ಹೆಚ್ಚಳ ಕೊಟ್ಟು, ಮೇಲಿನವರಿಗೆ ಶೇ 60ರಿಂದ 70ರಷ್ಟು ಕೊಡುವುದು ಸರಿಯಲ್ಲ ಎಂದಿದ್ದರು. ಮತ ಹಾಕುವ ಮುನ್ನ ನೀವೂ ಇದನ್ನೇ ನೋಡಿ. ಪ್ರತಿ ನಿರ್ದೇಶಕರ ವೇತನ ನೌಕರರ ಮಧ್ಯಕ ವೇತನದ (ಎಲ್ಲರ ವೇತನವನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ವೇತನದ) ಎಷ್ಟು ಪಟ್ಟು ಎಂಬುದನ್ನು ಕಂಪನಿ ಕಾಯ್ದೆಯ 197ನೇ ಸೆಕ್ಷನ್ ಪ್ರಕಾರ ನಿರ್ದೇಶಕ ಮಂಡಳಿಯ ವರದಿಯಲ್ಲಿ ಕೊಡಲೇಬೇಕು. ಸಾಮಾನ್ಯವಾಗಿ ಅದು ವರದಿಯ ಅನುಬಂಧದಲ್ಲಿ ಸಣ್ಣ ಅಕ್ಷರದ ಪಟ್ಟಿಯಾಗಿ ಅಡಗಿರುತ್ತದೆ. ಆ ವರ್ಷ ಮಧ್ಯಕ ವೇತನ ಎಷ್ಟು ಏರಿತು ಎಂಬುದೂ ಅಲ್ಲೇ ಸಿಗುತ್ತದೆ.

ಉತ್ತರ 3:
ನಲವತ್ತು ಷೇರುಗಳ ಬಗ್ಗೆ ಒಂದು ಮಾತು. ಲೆಕ್ಕಕ್ಕೆ ಬರುವುದು ಚಲಾಯಿಸಿದ ಮತ ಮಾತ್ರ; ಸುಮ್ಮನಿದ್ದವರ ಷೇರು ಯಾವ ಕಡೆಗೂ ಸೇರುವುದಿಲ್ಲ. ಹಾಗಾಗಿ ಮತ ಹಾಕುವವರು ಕಡಿಮೆಯಾದಷ್ಟೂ ನಿಮ್ಮ ನಲವತ್ತರ ತೂಕ ಹೆಚ್ಚುತ್ತದೆ. ಮ್ಯೂಚುವಲ್ ಫಂಡ್‌ಗಳು ಎಲ್ಲ ನಿರ್ಣಯಗಳ ಮೇಲೂ ಮತ ಹಾಕುವುದು 2022ರ ಏಪ್ರಿಲ್‌ನಿಂದ ಕಡ್ಡಾಯ. ಕಾರಣವನ್ನೂ ಅವು ಪ್ರಕಟಿಸುತ್ತವೆ, ಓದಿ ನೋಡಿ. ಇ-ವೋಟಿಂಗ್ ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಗಿಯುತ್ತದೆ. ಒಮ್ಮೆ ಒತ್ತಿದ ಮತವನ್ನು ಬದಲಿಸಲು ಬರುವುದಿಲ್ಲವಾದ್ದರಿಂದ, ‘ಪರ’ ಮತ್ತು ‘ವಿರೋಧ’ದ ಗುಂಡಿಗಳನ್ನು ಎರಡು ಸಲ ನೋಡಿಕೊಂಡು ಒತ್ತಿ.