ಹಳೇ ಹಗೇವಿಗೆ ಮತ್ತೆ ರಾಗಿ ತುಂಬಬಹುದಾ?

ಹೊಸಕಣ:
ಕಣದ ಮೂಲೇಲಿ ಹಳೇ ಹಗೇವು (ಕಾಳು ತುಂಬಿಡೋ ನೆಲದೊಳಗಿನ ಗುಂಡಿ) ಇದೆ. ಬಾಯಿ ಎರಡಡಿ, ಹೊಟ್ಟೆ ಸುಮಾರು ಆರಡಿ, ಆಳ ಎಂಟಡಿ. ನೆಲ ಗಟ್ಟಿ ಗರಸು. ಈ ಸಲದ 10 ಕ್ವಿಂಟಲ್ ರಾಗಿ ತುಂಬೋಣ ಅಂತ. ಮೊದಲು ಇಳಿದು ಗುಡಿಸಬೇಕು. ಇನ್ನೇನು ನೋಡ್ಕೋಬೇಕು?

ಗರಸುನೆಲ:
ಆ ಅಳತೆಗೆ 30 ಕ್ವಿಂಟಲ್ ಹತ್ತಿರ ಹಿಡಿಯುತ್ತೆ, 10 ಸಾಲಲ್ಲ. ಬಾಯಿ ಮುಚ್ಚಿದ ಮೇಲೆ ಕಾಳು, ಹುಳ ಎರಡೂ ಉಸಿರಾಡಿ ಒಳಗಿನ ಆಮ್ಲಜನಕ ಕಮ್ಮಿ ಮಾಡಬೇಕು, ಆಗಲೇ ಹುಳ ಸಾಯೋದು. ಮೂರರಲ್ಲಿ ಎರಡು ಪಾಲು ಖಾಲಿ ಇದ್ದರೆ ಆಮ್ಲಜನಕ ಬೇಗ ಕಮ್ಮಿ ಆಗಲ್ಲ. ಅಕ್ಕಪಕ್ಕದ ಎರಡು ಮನೆಯವರನ್ನ ಸೇರಿಸ್ಕೊಳ್ಳಿ.

ತೇವ ನೋಡೋಕೆ ಇಳಿಯಬೇಕಿಲ್ಲ. ತೂಕ ಮಾಡಿದ ಒಣಹುಲ್ಲಿನ ಕಟ್ಟನ್ನ ಹಗ್ಗದಲ್ಲಿ ಇಳಿಬಿಟ್ಟು ಬಾಯಿ ಮುಚ್ಚಿ. ಎರಡು ದಿನ ಬಿಟ್ಟು ಮತ್ತೆ ತೂಗಿ. ತೂಕ ಏರಿದ್ದರೆ ಒಳಗೆ ತೇವ ಇದೆ ಅಂತ, ಆಸೆ ಬಿಡಿ.

ರಾಗಿಯ ತೇವ 12% ಮೀರಬಾರದು. ಒಣ ಉಪ್ಪಿನ ಜೊತೆ ಗಾಜಿನ ಬಾಟಲಿಗೆ ಹಾಕಿ ಕುಲುಕಿ. ಉಪ್ಪು ಗಾಜಿಗೆ ಅಂಟಿದರೆ 15% ದಾಟಿದೆ. ಅಂಟದಿದ್ದರೂ ಇನ್ನೊಂದೆರಡು ಬಿಸಿಲು ಕಾಯಿಸಿ, ತಣಿಸಿ ತುಂಬಿ. ತಳಕ್ಕೆ, ಗೋಡೆಗೆ ಗೇಣು ದಪ್ಪ ರಾಗಿ ಹುಲ್ಲು. ಕತ್ತಿನಲ್ಲೂ ಹುಲ್ಲು ತುರುಕಿ, ಚಪ್ಪಡಿ ಮುಚ್ಚಿ, ಸಂದಿಗೆ ಸಗಣಿ ಕಲಸಿದ ಜೇಡಿ ಮೆತ್ತಿ, ಮೇಲೆ ಮಣ್ಣು ಗುಡ್ಡೆ ಹಾಕಿ. ತಗ್ಗು ಬಿಟ್ಟರೆ ಮೊದಲ ಮಳೆ ನೀರು ಅಲ್ಲೇ ನಿಲ್ಲುತ್ತೆ.

ಕಣಜ:
ಗುಡಿಸೋಕೆ ಇಳಿಯೋದು ಅಂದ್ರಲ್ಲ, ಅದು ಜೀವದ ವಿಷಯ. ಹುಳ ಸಾಯಿಸೋ ಗಾಳಿ ಮನುಷ್ಯರನ್ನೂ ಬಿಡಲ್ಲ. ಇಂಗಾಲದ ಡೈಆಕ್ಸೈಡ್ ಭಾರ, ತಳದಲ್ಲೇ ಕೂತಿರುತ್ತೆ. ದೀಪ ಇಳಿಸಿ, ಆರದಿದ್ದರೆ ಇಳಿಯಬಹುದು ಅನ್ನೋ ಮಾತು ಅರ್ಧ ಸತ್ಯ. ಆಮ್ಲಜನಕ 16-17%ಗೆ ಇಳಿದಾಗ ದೀಪ ಆರುತ್ತೆ, ಅಷ್ಟರಲ್ಲಿ ಇಂಗಾಲದ ಡೈಆಕ್ಸೈಡ್ 4% ಮುಟ್ಟಿರುತ್ತೆ. ಅದೇ ಅಪಾಯದ ಮಟ್ಟ. ದೀಪ ಆರಿದರೆ ಇಳಿಯಲೇಬೇಡಿ, ಉರಿದರೂ ನಂಬಬೇಡಿ. ಬ್ಲೋವರ್ ಪೈಪನ್ನ ತಳದವರೆಗೆ ಇಳಿಸಿ ಗಾಳಿ ಊದಿ, ಒಳಗೆ ಆಳಿರೋವಷ್ಟು ಹೊತ್ತೂ ನಿಲ್ಲಿಸಬೇಡಿ. ಇಳಿದವರ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು. ಒಳಗಿದ್ದವರು ಕುಸಿದರೆ ಹಗ್ಗ ಎಳೀಬೇಕು, ಹಿಂದೆ ಇನ್ನೊಬ್ಬರು ಇಳಿಯಬಾರದು.

ಹೊಸಕಣ:
ತಿಂಗಳಿಗೊಂದು ಮೂಟೆ ತೆಗೆದು ಮತ್ತೆ ಮುಚ್ಚಬಹುದಾ?

ಗರಸುನೆಲ:
ಬೇಡ. ತೆಗೆದಾಗೆಲ್ಲ ಹೊಸ ಗಾಳಿ ಹೋಗುತ್ತೆ. ಹಗೇವು ಬರಗಾಲಕ್ಕೆ ಅಂತ ವರ್ಷಗಟ್ಟಲೆ ಮುಚ್ಚಿಡೋದು. ತಿಂಗಳ ಖರ್ಚಿಗೆ ವಾಡೆ (ಕಾಳು ತುಂಬೋ ದೊಡ್ಡ ಮಣ್ಣಿನ ಪಾತ್ರೆ) ಅಥವಾ ಮುಚ್ಚಳ ಇರೋ ಡ್ರಮ್ ಸಾಕು. ಬಿತ್ತನೆ ರಾಗಿಯನ್ನಂತೂ ಒಳಗೆ ಹಾಕಲೇಬೇಡಿ, ತೇವ ತಗುಲಿದರೆ ಮೊದಲು ಹೋಗೋದು ಮೊಳಕೆ. ತೆಗೆಯೋ ದಿನ ಗೋಡೆ ಪಕ್ಕದ ರಾಗಿ ಬೇರೆ ಮಾಡಿ. ಬೂಷ್ಟು ಹಿಡಿದದ್ದು ದನಕ್ಕೂ ಬೇಡ.