ವಾಷಿಂಗ್ ಮಷೀನ್ ಸ್ಟಾರ್ಟೇ ಆಗ್ತಿಲ್ಲ, ಯಾರಿಗಾದ್ರೂ ಹೀಗಾಗಿತ್ತಾ?

ಫ್ರಂಟ್ ಲೋಡ್, 7 ಕೆಜಿದು, ತಗೊಂಡು 6 ವರ್ಷ ಆಯ್ತು. ನಿನ್ನೆ ಬೆಳಗ್ಗೆವರೆಗೂ ಚೆನ್ನಾಗೇ ಓಡ್ತಿತ್ತು, ಸಾಯಂಕಾಲ ಬಟ್ಟೆ ತುಂಬಿ ಸ್ಟಾರ್ಟ್ ಒತ್ತಿದ್ರೆ ಏನೂ ಇಲ್ಲ. ಪವರ್ ಲೈಟ್ ಬರತ್ತೆ, ಪ್ರೋಗ್ರಾಂ ಸೆಲೆಕ್ಟ್ ಆಗತ್ತೆ, ಸ್ಟಾರ್ಟ್ ಒತ್ತಿದ ಮೇಲೆ ಲೈಟ್ ಮಿಣಮಿಣ ಅಂದು ಸುಮ್ನಾಗ್ಬಿಡತ್ತೆ. ವಾರಂಟಿ ಯಾವಾಗ್ಲೋ ಮುಗೀತು. ಸರ್ವಿಸ್‌ನವ್ರು ಗುರುವಾರ ಬರ್ತೀವಿ ಅಂದಿದಾರೆ, ಬಂದು ನೋಡೋದಕ್ಕೇ 500 ರೂಪಾಯಿ, ರಿಪೇರಿ ಬೇರೆ. ಮನೇಲಿ 2 ವರ್ಷದ ಮಗು, ಬಟ್ಟೆ ಗುಡ್ಡ ಆಗಿದೆ. ನಿಮ್ಮನೇಲಿ ಹೀಗಾಗಿದ್ರೆ ಏನಾಗಿತ್ತು, ಹೇಗೆ ಸರಿಹೋಯ್ತು ಸ್ವಲ್ಪ ಹೇಳಿ.

—

ಮಗು ಇದೆ ಅಂದ್ರಲ್ಲ, ಮೊದ್ಲು ಚೈಲ್ಡ್ ಲಾಕ್ ನೋಡಿ. ನಗ್ಬೇಡಿ, ನಾನು ಇದಕ್ಕೇ 400 ರೂಪಾಯಿ ಕಳ್ಕೊಂಡಿದೀನಿ. ಮೆಕ್ಯಾನಿಕ್ ಬಂದ, ಎರಡು ಬಟನ್ ಒಟ್ಟಿಗೆ 3 ಸೆಕೆಂಡ್ ಒತ್ತಿ ಹಿಡ್ಕೊಂಡ, ಮಷೀನ್ ಶುರು ಆಯ್ತು, ಕಾಫಿ ಕುಡಿದು ಹೋದ. ಯಾವ ಬಟನ್ ಅನ್ನೋದು ಒಂದೊಂದು ಮಾಡೆಲ್‌ಗೆ ಒಂದೊಂದು ಥರ, ಪಕ್ಕದಲ್ಲಿ ಸಣ್ಣ ಬೀಗದ ಚಿತ್ರ ಇರತ್ತೆ ನೋಡಿ. ಡಿಲೇ ಸ್ಟಾರ್ಟ್ ಆನ್ ಆಗಿದ್ರೂ ಹಿಂಗೇ ಸುಮ್ನೆ ಕೂತಿರತ್ತೆ, ಡಿಸ್ಪ್ಲೇಲಿ ಗಂಟೆ ಇಳೀತಾ ಇದ್ರೆ ಅದೇ.

—

ನಮ್ಮ ಮನ್ಯಾಗೂ ಹಿಂಗ ಆಗಿತ್ರಿ, ಆದ್ರ ತಪ್ಪು ಮಷೀನಿಂದಲ್ಲ, ಪ್ಲಗ್ ಪಾಯಿಂಟಿಂದು. ಟೆಸ್ಟರ್ ಹಚ್ಚಿ ನೋಡಿದ್ರ ಲೈಟ್ ಹತ್ತತಿತ್ತು, ಕರೆಂಟ್ ಐತಿ ಅಂತ ಎರಡು ದಿವಸ ಮಷೀನಿಗೇ ಬೈಕೋತ ಕುಂತ್ವಿ. ಟೆಸ್ಟರ್ ಫೇಸ್ ಅಂದ್ರ ಕರೆಂಟ್ ಬರೋ ವಾಯರ್ ಅಷ್ಟೇ ತೋರಸ್ತೈತ್ರಿ, ಅದು ವಾಪಸ್ ಹೋಗೋ ನ್ಯೂಟ್ರಲ್ ವಾಯರ್ ಸಡಿಲ ಇದ್ರ ಅದಕ್ಕೇನೂ ಗೊತ್ತಾಗಂಗಿಲ್ಲ. ಬರೇ ಲೈಟ್ ಹತ್ತಾಕ ಸಣ್ಣ ಕರೆಂಟ್ ಸಾಕು, ಸ್ಟಾರ್ಟ್ ಒತ್ತಿದ ಕೂಡ್ಲೇ ಲೋಡ್ ಬಿದ್ದು ಕೈ ಕೊಡ್ತೈತಿ. ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿಸಿದ್ರ ಒಳಗ ನ್ಯೂಟ್ರಲ್ ವಾಯರ್ ಸುಟ್ಟು ಕರ್ರಗಾಗಿತ್ತು. ಹೀಟರ್ ಇರೋ ಮಷೀನು 2000 ವ್ಯಾಟ್ ತನಕ ಎಳೀತಾವು, ಅಂದ್ರ 8-9 ಆಂಪಿಯರ್, ಅದನ್ನ 6 ಆಂಪಿಯರ್ ಪಿನ್ನಿಗೆ ಎಕ್ಸ್‌ಟೆನ್ಷನ್ ಬಾಕ್ಸ್‌ನ್ಯಾಗ ಹಾಕಿದ್ರ ಇನ್ನೇನಾಗ್ತೈತ್ರಿ. ನೀವು ಇಸ್ತ್ರಿ ಪೆಟ್ಟಿಗಿನ ಅದೇ ದೊಡ್ಡ ಪಾಯಿಂಟಿಗೆ ಹಾಕಿ ನೋಡ್ರಿ, ಸರಿಯಾಗಿ ಕಾದ್ರ ಪಾಯಿಂಟ್ ಚಲೋ ಐತಿ ಅಂತ ತಿಳ್ಕೊಳ್ರಿ.

—

ನಲ್ಲಿ ತಿರುಗ್ಸಿದೀರಾ? ಸ್ಟಾರ್ಟ್ ಆಗಿ ನೀರಿಗೆ ಕಾಯ್ತಾ ನಿಂತಿರೋದನ್ನೇ ಸ್ಟಾರ್ಟ್ ಆಗ್ಲಿಲ್ಲ ಅಂದ್ಕೊಳ್ಳೋರು ತುಂಬ ಜನ. ಬೋರ್‌ವೆಲ್ ನೀರಾದ್ರೆ ಹಿಂದಿನ ಪೈಪ್ ಬಿಚ್ಚಿ ಆ ಪುಟ್ಟ ಜಾಲರಿ ತೆಗೆದು ನೋಡಿ, ನಮ್ಮದ್ರಲ್ಲಿ ಸುಣ್ಣ ಕಟ್ಟಿ ಕಲ್ಲಾಗಿತ್ತು, ವಿನೆಗರ್‌ನಲ್ಲಿ ರಾತ್ರಿ ನೆನೆಸಿಟ್ಟೆ, ಬಿಟ್ಕೊಳ್ತು.

—

ನಮ್ಮದು ಮಲೆನಾಡು ಕಡೆ, ಹಿತ್ಲ ಜಗಲಿ ಮೇಲೆ ಮಷೀನ್ ಇರೋದು. ಎರಡು ಸಲ ಕೆಟ್ಟಿದೆ. ಒಂದ್ಸಲ ಮಳೆಗಾಲದಲ್ಲಿ ಇಲಿ, ಫ್ರಂಟ್ ಲೋಡ್‌ಗಳಲ್ಲಿ ಸುಮಾರಕ್ಕೆ ತಳ ಓಪನ್ ಇರತ್ತೆ, ಒಳಗೆ ಬೆಚ್ಚಗಿರತ್ತೆ ಅಂತ ಹೋಗಿ ಡೋರ್ ಲಾಕಿನ ವೈರ್ ಕಡ್ದಿತ್ತು, ಆಗ ನೀವು ಹೇಳೋ ಥರನೇ ಲೈಟ್ ಇದೆ ಸ್ಟಾರ್ಟ್ ಇಲ್ಲ. ವೈರ್ ಜಾಯಿನ್ ಮಾಡ್ಸಿ ತಳಕ್ಕೆ ಕಬ್ಬಿಣದ ಮೆಷ್ ಹಾಕ್ಸಿದ್ಮೇಲೆ ಇಲ್ಲೀವರೆಗೆ ತೊಂದ್ರೆ ಇಲ್ಲ. ಇನ್ನೊಂದ್ಸಲ ಏಪ್ರಿಲ್‌ನಲ್ಲಿ ಸಿಡ್ಲು, ಆವತ್ತು ಮಷೀನ್ ಒಳಗಿನ ಕಂಟ್ರೋಲ್ ಬೋರ್ಡೇ ಹೋಯ್ತು, ಒಂದು ಲೈಟೂ ಬರ್ಲಿಲ್ಲ, ಹಳೇ ಬೋರ್ಡ್ ರಿಪೇರಿ ಮಾಡ್ಸೋದಕ್ಕೆ 1,800 ಆಯ್ತು. ಗುಡುಗೋವಾಗ ಸ್ವಿಚ್ ಆಫ್ ಮಾಡಿದ್ರೆ ಸಾಲ್ದು, ಪ್ಲಗ್ಗೇ ಕಿತ್ತಿಡ್ಬೇಕು. ನಿಮ್ದ್ರಲ್ಲಿ ಲೈಟ್ ಬರ್ತಿದೆಯಲ್ಲ, ಬೋರ್ಡ್ ಅಂತ ಈಗ್ಲೇ ಹೆದ್ರಬೇಡಿ.

—

ನಾನು ಇದೇ ರಿಪೇರಿ ಕೆಲಸ ಮಾಡೋನು. ಒಂದು ಪ್ರಶ್ನೆ, ಸ್ಟಾರ್ಟ್ ಒತ್ತಿದ ಮೇಲೆ ಬಾಗಿಲ ಹತ್ರ 'ಟಿಕ್' ಅಂತ ಶಬ್ದ ಬರುತ್ತಾ? ಕಿವಿ ಹತ್ರ ಇಟ್ಟು ಕೇಳಿ.

ಯಾಕೆ ಅಂದ್ರೆ ತುಂಬಾ ಮಷೀನ್‌ಗಳ ಡೋರ್ ಲಾಕ್ ಒಳಗೆ ಒಂದು ಚಿಕ್ಕ ಬಿಸಿ ಆಗೋ ತುಂಡಿರತ್ತೆ, ಅದು ಕಾದು ಲೋಹದ ಪಟ್ಟಿ ಬಾಗಿ ಬೀಗ ಬೀಳತ್ತೆ, ಅದಕ್ಕೇ ಎರಡು ಮೂರು ಸೆಕೆಂಡ್ ಲೇಟು. ಒಗೆದು ಮುಗಿದ ಮೇಲೂ ಒಂದೆರಡು ನಿಮಿಷ ಬಾಗಿಲು ತೆಗೆಯೋಕೆ ಬರಲ್ಲವಲ್ಲ, ಅದೂ ಇದೇ ಕಾರಣಕ್ಕೆ, ಆ ತುಂಡು ತಣ್ಣಗಾಗ್ಬೇಕು. ಬೀಗ ಬಿತ್ತು ಅಂತ ಬೋರ್ಡ್‌ಗೆ ಗೊತ್ತಾಗೋವರೆಗೂ ಅದು ನೀರೂ ಬಿಡಲ್ಲ ಮೋಟರೂ ತಿರುಗಿಸಲ್ಲ. ಟಿಕ್ ಬರ್ಲಿಲ್ಲ ಅಂದ್ರೆ ಒಂದೋ ಲಾಕ್ ಹೋಗಿದೆ, ಇಲ್ಲಾ ಬಾಗಿಲು ಸರಿಯಾಗಿ ಕೂತಿಲ್ಲ. ರಬ್ಬರ್ ಸಂದೀಲಿ ಸಾಕ್ಸ್ ಗೀಕ್ಸ್ ಸಿಕ್ಕಿದ್ಯಾ ನೋಡಿ, ಆಮೇಲೆ ಲಾಕ್ ಇರೋ ಕಡೆ ಮೊಣಕಾಲಲ್ಲಿ ಒತ್ತಿ ಹಿಡ್ಕೊಂಡು ಸ್ಟಾರ್ಟ್ ಒತ್ತಿ.

ಲಾಕ್ ಹೋಗಿದ್ರೆ ಪಾರ್ಟ್ ಹಾಕಿಸ್ಕೊಳ್ಳಿ. ಕೆಲವರು ಲಾಕ್ ಬಿಟ್ಟು ವೈರ್ ಡೈರೆಕ್ಟ್ ಮಾಡ್ಕೊಡ್ತೀನಿ ಸಾರ್ ಅಂತಾರೆ, ದಯವಿಟ್ಟು ಬೇಡ, ಆಮೇಲೆ ಬಾಗಿಲು ತೆಗೆದಿದ್ರೂ ಡ್ರಮ್ ತಿರುಗತ್ತೆ, ನಿಮ್ಮನೇಲಿ ಮಗು ಬೇರೆ ಇದೆ. ಬೋರ್ಡ್ ಹೋಗಿದೆ ಅಂತ ನೋಡಿದ ತಕ್ಷಣ ಹೇಳೋರನ್ನ ಲಾಕ್ ಚೆಕ್ ಮಾಡಿದ್ರಾ ಅಂತ ಕೇಳಿ, ನಮ್ಮ ಲೈನಲ್ಲೇ ಇರೋ ಚಾಳಿ ಅದು.

—

ಸರ್ವಿಸ್ ನಂಬರ್ ಮಾತ್ರ ನೆಟ್‌ನಲ್ಲಿ ಹುಡುಕಿ ಮೊದ್ಲು ಸಿಕ್ಕಿದ್ದಕ್ಕೆ ಫೋನ್ ಮಾಡ್ಬೇಡಿ, ಬಿಲ್ ಮೇಲೋ ಮಷೀನಿನ ಸ್ಟಿಕರ್ ಮೇಲೋ ಇರೋದಕ್ಕೆ ಮಾಡಿ. ನಮ್ಮ ಚಿಕ್ಕಮ್ಮನಿಗೆ ಹಾಗೇ ಸಿಕ್ಕಿದ ಒಬ್ಬ 10 ರೂಪಾಯಿ ಬುಕಿಂಗ್ ಫೀಸ್ ಅಂತ ಯಾವ್ದೋ ಆ್ಯಪ್ ಹಾಕ್ಸಿ ಅಕೌಂಟ್ ಖಾಲಿ ಮಾಡ್ದ. ಹಾಗೇನಾದ್ರೂ ಆದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

—

ಕೇಳಿದ್ದು ನಾನೇ, ಅಪ್ಡೇಟ್ ಹಾಕ್ತಿದೀನಿ. ಚೈಲ್ಡ್ ಲಾಕ್ ಇರ್ಲಿಲ್ಲ, ಇಸ್ತ್ರಿ ಪೆಟ್ಟಿಗೆ ಸರಿಯಾಗೇ ಕಾಯ್ತು. ಟಿಕ್ ಸೌಂಡ್ ಮಾತ್ರ ಬರ್ಲೇ ಇಲ್ಲ. ಮೊಣಕಾಲಲ್ಲಿ ಒತ್ತಿದೆ ನೋಡಿ, ಟಿಕ್ ಅಂತು, ನೀರು ಬಿಡ್ತು! ಬಿಟ್ರೆ ಮತ್ತೆ ಬರಲ್ಲ. ಆಮೇಲೆ ಸರಿಯಾಗಿ ನೋಡಿದ್ರೆ ಬಾಗಿಲೇ ಒಂದು ಕಡೆ ಜೋತು ಬಿದ್ದಿದೆ, ಹಿಂಜ್ ಸ್ಕ್ರೂ ಸಡಿಲ, ಕೊಕ್ಕೆ ತೂತಿಗೆ ನೇರ ಹೋಗ್ತಿಲ್ಲ. ನಾವು ಬಟ್ಟೆ ತೆಗೆಯೋವಾಗ ಒದ್ದೆ ಬೆಡ್‌ಶೀಟ್‌ಗಳನ್ನೆಲ್ಲ ತೆರೆದ ಬಾಗಿಲ ಮೇಲೇ ಹಾಕ್ತೀವಿ, 6 ವರ್ಷದಿಂದ! ಯಾರು ಹಾಕೋದು ಅಂತ ಮನೇಲಿ ಸಣ್ಣ ಜಗಳವೂ ಆಯ್ತು. ಪ್ಲಗ್ ಕಿತ್ತು, ನಮ್ಮೆಜಮಾನ್ರು ಬಾಗಿಲು ಎತ್ತಿ ಹಿಡ್ಕೊಂಡ್ರು, ನಾನು ಸ್ಕ್ರೂ ಟೈಟ್ ಮಾಡ್ದೆ. ಗುರುವಾರದ ಬುಕಿಂಗ್ ಕ್ಯಾನ್ಸಲ್. ಈಗ ಮೂರನೇ ಲೋಡ್ ಓಡ್ತಿದೆ, ಒಣಗಿ ಹಾಕೋಕೆ ತಂತಿ ಮೇಲೆ ಜಾಗ ಇಲ್ಲ.